ಹನೂರಿನ ಪ್ಲೇಟು

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಚಿಕ್ಕತಾಯಮ್ಮನನ್ನು ಎಲ್ಲರೂ ಕಿವಿ ತಾಯಮ್ಮ ಎನ್ನುತ್ತಿದ್ದರು. ಯಾವ ಹಾಡಾಗಲಿ, ಒಂದು ಸಲ ಕಿವಿಗೆ ಬಿದ್ದರೆ ಸಾಕು, ಅವಳ ತಲೆಯಲ್ಲಿ ಕೂತುಬಿಡುತ್ತಿತ್ತು. ಗಂಡ ಜವರಯ್ಯ ಒಳಗೆ ಗುಂಡಿಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯುತ್ತಿದ್ದ. ಅವಳು ಜಗಲಿಯಲ್ಲಿ ರಾಟೆ ತಿರುಗಿಸುತ್ತ, ಅವನ ಲಾಳಿಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋಗಿದ್ದರು. ಅವಳಿಗೆ ನಲವತ್ತು ದಾಟಿತ್ತು.

ಮಧ್ಯಾಹ್ನದ ಊಟ ಮುಗಿಯಿತೆಂದರೆ ಗೋವಿಂದಮ್ಮ, ಚಿಕ್ಕನಿಂಗಮ್ಮ, ಇನ್ನೂ ಮೂರು ಜನ ತಂತಮ್ಮ ರಾಟೆ ಎತ್ತಿಕೊಂಡು ಚಿಕ್ಕತಾಯಮ್ಮನ ಜಗಲಿಗೆ ಬರುತ್ತಿದ್ದರು. ಕೂತವರು ಕೇಳುತ್ತಿದ್ದ ಮೊದಲ ಮಾತು ಒಂದೇ. “ಯಾನ ಕೇಳ್ದೆ ತಾಯಕ್ಕ, ಈ ವಾರ?”

ಅವಳ ಹತ್ತಿರ ಏನಾದರೂ ಇದ್ದೇ ಇರುತ್ತಿತ್ತು. ಕಂಸಾಳೆಯವರು ಬೆಟ್ಟದಿಂದ ಇಳಿದು ಬಂದು ಅರಳಿಕಟ್ಟೆಯಲ್ಲಿ ತಂಗಿದರೆ, ಅವರು ಮಾದಪ್ಪನ ಕಥೆ ಹಾಡಿ ಮುಗಿಸುವವರೆಗೂ ಅವಳು ಏಳುತ್ತಿರಲಿಲ್ಲ. ಸಾಹುಕಾರರ ಮನೆ ಮದುವೆಯಲ್ಲಿ ಕಛೇರಿಯಾದರೆ ಹಿತ್ತಿಲ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. ಆಗ ನಮ್ಮ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು. ಟೆಂಟಿನಲ್ಲಿ ತಮಿಳು ಸಿನಿಮಾ, ಪಂಚಾಯತಿ ಬೋರ್ಡಿನ ರೇಡಿಯೋದಲ್ಲಿ ತಿರುಚಿ ನಿಲಯ. ಟೆಂಟಿನ ಒಳಗೆ ಅವಳು ಕಾಲಿಟ್ಟವಳಲ್ಲ. ಹೊರಗೆ ಕಡಲೆಕಾಯಿ ಮಾರುವ ಮುದುಕಿಯ ಪಕ್ಕ ಕೂತು ಹಾಡಿಗೆ ಕಿವಿಕೊಟ್ಟು, ಕುಣಿತದ ಹಾಡು ಯಾವುದು, ಅಳುವ ಹಾಡು ಯಾವುದು ಎಂದು ಬಂದು ಹೇಳುತ್ತಿದ್ದಳು.

ಅವಳ ಗಂಟಲು ಒಡಕು. ಅದು ಅವಳಿಗೂ ಗೊತ್ತಿತ್ತು. ಆದರೆ ಸ್ವರ ಮಾತ್ರ ಒಂದೆಳೆಯಷ್ಟೂ ತಪ್ಪುತ್ತಿರಲಿಲ್ಲ. ಗೋವಿಂದಮ್ಮನಿಗೆ ನಾಟಕದ ಹಾಡೇ ಬೇಕು, ಚಿಕ್ಕನಿಂಗಮ್ಮನಿಗೆ ಮಾದಪ್ಪನ ಪದವೇ ಬೇಕು. ಇಬ್ಬರೂ ಜಗಳ ಆಡಿ ಕೊನೆಗೆ ತೀರ್ಪಿಗೆ ಅವಳ ಮುಖ ನೋಡುತ್ತಿದ್ದರು. ಹೀಗೆ ಹದಿನೈದು ವರ್ಷ ನಡೆದಿತ್ತು.

ಐವತ್ತೆರಡನೇ ಇಸವಿಯಲ್ಲಿ ಎದುರು ಮನೆಯ ರಾಮಲಿಂಗಯ್ಯ ಮದುವೆಯಾಗಿ ಯಳಂದೂರಿನಿಂದ ಹೆಂಡತಿಯನ್ನು ಕರೆತಂದ. ಹೆಸರು ವಸಂತಮ್ಮ, ಇಪ್ಪತ್ತು ವರ್ಷದ ಹುಡುಗಿ. ನಾಲ್ಕೇ ಹರದಾರಿ ದೂರ, ಆದರೆ ಅದು ಮೈಸೂರು ಸೀಮೆ. ಅವಳ ಸೋದರಮಾವನ ಮನೆಯಲ್ಲಿ ಗ್ರಾಮಫೋನು ಇತ್ತು, ನಲವತ್ತು ಪ್ಲೇಟುಗಳಿದ್ದವು. ದಸರಾದಲ್ಲಿ ಅರಮನೆಯ ಬ್ಯಾಂಡು ಕೇಳಿದ್ದಳು. ಸಿಲೋನ್ ರೇಡಿಯೋದ ಹಿಂದಿ ಹಾಡುಗಳನ್ನು ಅರ್ಥ ತಿಳಿಯದಿದ್ದರೂ ಉಚ್ಚಾರ ತಪ್ಪದಂತೆ ಹಾಡುತ್ತಿದ್ದಳು. ಇಷ್ಟು ಸಾಲದೆಂಬಂತೆ ಕೇಳಿದವರು ಕೈಕೆಲಸ ನಿಲ್ಲಿಸುವಂಥ ಕಂಠ.

ಮೊದಲ ತಿಂಗಳು ವಸಂತಮ್ಮನೇ ಚಿಕ್ಕತಾಯಮ್ಮನ ಜಗಲಿಗೆ ಬಂದು ಮೂಲೆಯಲ್ಲಿ ಕೂರುತ್ತಿದ್ದಳು. ಒಂದು ದಿನ ಗೋವಿಂದಮ್ಮ, “ನೀನೂ ಒಂದು ಪದ ಏಳವ್ವ, ನಿಮ್ಮೂರ್ದು” ಅಂದಳು. ವಸಂತಮ್ಮ ಹಾಡಿದಳು. ರಾಟೆಗಳು ಒಂದೊಂದಾಗಿ ನಿಂತವು. ತಿರುಗುತ್ತಿದ್ದದ್ದು ಚಿಕ್ಕತಾಯಮ್ಮನ ರಾಟೆ ಒಂದೇ.

ಆ ವಾರವೇ ಗೋವಿಂದಮ್ಮ ಎದುರು ಜಗಲಿಗೆ ಹೋದಳು. ನೆರಳು ಚೆನ್ನಾಗಿದೆ ಎಂಬುದು ಅವಳು ಕೊಟ್ಟ ಕಾರಣ. ಆಮೇಲೆ ಇನ್ನು ಮೂವರು. ಕೊನೆಗೆ ಮಾದಪ್ಪನ ಪದ ಬಿಟ್ಟು ಬೇರೆ ಕೇಳದ ಚಿಕ್ಕನಿಂಗಮ್ಮ ಕೂಡ ರಾಟೆ ಎತ್ತಿಕೊಂಡು, ಚಿಕ್ಕತಾಯಮ್ಮನ ಮುಖ ನೋಡದೆ ಬೀದಿ ದಾಟಿದಳು.

ಎದುರಿನ ಜಗಲಿಯಲ್ಲಿ ನಗೆ ಕೇಳಿದರೆ ಚಿಕ್ಕತಾಯಮ್ಮನಿಗೆ ತನ್ನ ಬಗ್ಗೆಯೇ ಇರಬೇಕು ಅನ್ನಿಸುತ್ತಿತ್ತು. ಹಾಡು ಕೇಳಿದರೆ ಇನ್ನೂ ಕಷ್ಟ. ಕೇಳಬಾರದೆಂದು ಒಳಗೆ ಹೋದರೂ ಅವಳ ಕಿವಿ ಬೀದಿಯಲ್ಲೇ ಇರುತ್ತಿತ್ತು. ತಪ್ಪು ಸಿಗಲಿ ಎಂದು ಕಾಯುತ್ತಿದ್ದಳು. ತಪ್ಪು ಸಿಗುತ್ತಿರಲಿಲ್ಲ. ಎರಡನೇ ಸಲಕ್ಕೆ ಆ ಹಾಡು ಅವಳಿಗೂ ಬಾಯಿಪಾಠವಾಗಿ, ಬೇಡವೆಂದರೂ ದಿನವಿಡೀ ತಲೆಯಲ್ಲಿ ಸುತ್ತುತ್ತಿತ್ತು.

ಬಾವಿಕಟ್ಟೆಯಲ್ಲಿ ಒಂದು ದಿನ ಅವಳು ಅಂದೇಬಿಟ್ಟಳು. “ಪ್ಲೇಟು ಆಡಿದ್ದ ಇವ್ಳು ಆಡ್ತಾಳ. ಅದ್ರಲ್ಲಿ ಯಾನಿದ್ದದು? ಮಿಷಿನ್ನಿನ ಎಂಜಲು.”

ಮಾತು ವಸಂತಮ್ಮನಿಗೆ ಮುಟ್ಟಿತು. ಅವಳು ನಕ್ಕು, “ತಾಯಕ್ಕ ಆಡೋದು ಯಾರ ಎಂಜ್ಲಂತೆ?” ಎಂದಳಂತೆ. ಅದು ಚಿಕ್ಕತಾಯಮ್ಮನಿಗೆ ಮುಟ್ಟಿತು.

ಸಿಟ್ಟಿಗೆ ರಾಟೆ ಜೋರಾಯಿತು. ಕಂಡಿಕೆ ಬಿಗಿಯಾಗಿ, ಮಗ್ಗದಲ್ಲಿ ಎಳೆ ಕಡಿಯತೊಡಗಿತು. ಜವರಯ್ಯ ಗುಂಡಿಯಿಂದಲೇ ಕೂಗಿದ. “ಲೇ, ಯಾರ ಮ್ಯಾಲೆ ಸಿಟ್ಟು ನಿಂಗೆ? ನನ್ ಸೀರ ಯಾಕ ಆಳ್ ಮಾಡೀಯೆ?”

“ನನ್ಗ್ಯಾರ ಮ್ಯಾಲೂ ಇಲ್ಲ.”

“ಅಂಗಾದ್ರೆ ಅದ್ನ ರಾಟಗ ಏಳು.”

ಕಾರ್ತೀಕ ಕಳೆದ ಮೇಲೆ ಹನೂರಿನಿಂದ ಅವಳ ಅಕ್ಕ ಹೇಳಿಕಳಿಸಿದಳು. ಮನೆಯಲ್ಲಿ ಹುಳು ನಾಲ್ಕನೇ ನಿದ್ದೆಯಿಂದ ಎದ್ದಿವೆ, ಸೊಪ್ಪು ಹಾಕಲು ಕೈ ಸಾಲದು, ಬಾ ಎಂದು. ಕೊನೆಯ ಪೊರೆ ಕಳಚಿದ ರೇಷ್ಮೆ ಹುಳು ಆ ಹಂತದಲ್ಲಿ ಹೊತ್ತುಹೊತ್ತಿಗೆ ರಾಶಿ ಸೊಪ್ಪು ತಿನ್ನುತ್ತದೆ. ಚಿಕ್ಕತಾಯಮ್ಮ ಹೊರಟದ್ದು ಅಕ್ಕನಿಗಾಗಿ ಅಷ್ಟೇ ಅಲ್ಲ. ಹನೂರಿನ ವರ್ತಕ ಸದಾಶಿವಪ್ಪನವರು ಗ್ರಾಮಫೋನು ತಂದಿದ್ದಾರೆ ಎಂಬ ಸುದ್ದಿ ಅವಳ ಕಿವಿಗೆ ಬಿದ್ದಿತ್ತು. ಯಳಂದೂರಿನವಳು ಕೇಳದ ಒಂದು ಹಾಡು ಸಿಕ್ಕಿದರೆ ಸಾಕೆಂದು ಬಸ್ಸು ಹತ್ತಿದಳು.

ಹೋದ ಮರುದಿನವೇ ಅಕ್ಕನನ್ನು ಕರೆದುಕೊಂಡು ಸದಾಶಿವಪ್ಪನವರ ಮನೆಗೆ ಹೋದಳು. ಅವರ ಹೆಂಡತಿ ಸುವರ್ಣಮ್ಮ ಎಲೆ ಅಡಿಕೆ ಕೊಟ್ಟು ಉಪಚರಿಸಿದರು. ಗ್ರಾಮಫೋನು ನಡುಮನೆಯಲ್ಲಿ ಕಸೂತಿ ಬಟ್ಟೆ ಹೊದ್ದುಕೊಂಡು ಕೂತಿತ್ತು. “ಅಯ್ಯೋ, ಸ್ಪ್ರಿಂಗು ಮುರಿದು ಎರಡು ತಿಂಗಳಾಯ್ತು ಕಣವ್ವ. ಈಗ ನೋಡಕ್ಕೆ ಮಾತ್ರ” ಎಂದರು.

ಇನ್ನು ಉಳಿದದ್ದು ಹುಳುಮನೆ. ಮೂರು ದಿನ ಚಿಕ್ಕತಾಯಮ್ಮ ಬಿದಿರು ತಟ್ಟೆಗಳಿಗೆ ಸೊಪ್ಪು ಹರಡುತ್ತ ಅಲ್ಲೇ ಇದ್ದಳು. ಸಾವಿರಾರು ಹುಳು ಒಟ್ಟಿಗೆ ಎಲೆ ತಿನ್ನುವ ಸದ್ದು ಎಡೆಬಿಡದೆ ಕೇಳುತ್ತಿತ್ತು, ಮಾಡಿನ ಮೇಲೆ ಸಣ್ಣ ಮಳೆ ಹಿಡಿದ ಹಾಗೆ. ಅವಳು ಹುಟ್ಟಿದಂದಿನಿಂದ ಕೇಳಿದ ಸದ್ದು ಅದು. ಮೂರನೇ ದಿನದ ಸಂಜೆಗೆ ಮುಂಚೆ, ಬುಟ್ಟಿ ಬರಿದಾಗಿ, ಸೊಪ್ಪು ತರುವವರಿಗಾಗಿ ಕಾಯುತ್ತ ಕೂತಿದ್ದಾಗ ಅವಳ ಬಾಯಿಂದ ಒಂದು ನುಡಿ ಬಂತು.

ಎಲೆ ಮೇಲೆ ಮಳೆಯೇನೇ, ಮಳೆಯಲ್ಲ ಕೇಳೇ,
ನೂಲಾಗೋ ಜೀವಕ್ಕೆ ಹಸಿವಮ್ಮ ತಾಳೇ.

ಎಲ್ಲಿ ಕೇಳಿದ್ದು ಎಂದು ಅವಳು ನೆನೆಸಿಕೊಳ್ಳಲು ನೋಡಿದಳು. ಕಂಸಾಳೆಯ ಮಟ್ಟಲ್ಲ. ಕಛೇರಿಯದ್ದಲ್ಲ, ತಮಿಳು ಟೆಂಟಿನದೂ ಅಲ್ಲ. ಎಲ್ಲಿಂದಲೂ ಅಲ್ಲ ಎಂದು ತಿಳಿದಾಗ ಅವಳಿಗೆ ಹೆದರಿಕೆಯಾಯಿತು. ಬಸ್ಸು ಕೊಳ್ಳೇಗಾಲ ಮುಟ್ಟುವ ಹೊತ್ತಿಗೆ ಇನ್ನೊಂದು ನುಡಿ ಸೇರಿಕೊಂಡಿತ್ತು.

ಮರುದಿನ ಮಧ್ಯಾಹ್ನ ಕುತೂಹಲಕ್ಕೆ ಎಲ್ಲರೂ ಅವಳ ಜಗಲಿಗೆ ಬಂದರು, ವಸಂತಮ್ಮನೂ ಬಂದಳು.

“ಅನೂರಲ್ಲಿ ಯಾನ ಕೇಳ್ದೆ ಅಕ್ಕ?” ಎಂದು ಕೇಳಿದವಳು ವಸಂತಮ್ಮನೇ. ಆ ಮುಖದಲ್ಲಿ ನಗು ಇತ್ತೋ ಇಲ್ಲವೋ, ಚಿಕ್ಕತಾಯಮ್ಮನಿಗೆ ಕಂಡದ್ದು ನಗುವೇ. ಹುಳುಮನೆಯಲ್ಲಿ ನಾನೇ ಕಟ್ಟಿದೆ ಅಂದರೆ ಯಾರು ನಂಬುತ್ತಾರೆ? ಒಡಕು ಗಂಟಲ ತಾಯಮ್ಮ ಹಾಡು ಕಟ್ಟಿದಳಂತೆ ಎಂದು ನಗುತ್ತಾರೆ.

“ಒಂದ್ ಪ್ಲೇಟು ಕೇಳ್ದಿ. ಸದಾಶಿವಪ್ಪಾರ ಮನೇಲಿ” ಎಂದಳು.

“ಯಾರು ಆಡಿರೋದು?”

“ಯಾರೋ ಎಂಗ್ಸು. ಮ್ಯಾಲಿನ ಕಾಗ್ದ ಅರ್ದೋಗಿತ್ತು.”

ಹಾಡಿದಳು. ಚಿಕ್ಕನಿಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, “ಇನ್ನೊಂದ್ಸಲ ಆಡಕ್ಕ” ಎಂದಳು. ಇನ್ನೊಂದು ಸಲ, ಮತ್ತೊಂದು ಸಲ. ವಸಂತಮ್ಮ ತುಟಿ ಅಲ್ಲಾಡಿಸುತ್ತ ಕೂತಿದ್ದಳು. ಆ ವಾರವೆಲ್ಲ ರಾಟೆಗಳು ಚಿಕ್ಕತಾಯಮ್ಮನ ಜಗಲಿಯಲ್ಲೇ ಇದ್ದವು. ಅವಳು ಎರಡು ತುತ್ತು ಹೆಚ್ಚಿಗೆ ಉಂಡಳು.

ಅದು ಒಂದೇ ವಾರದ ಭಾಗ್ಯ. ಬೀದಿಯಲ್ಲಿ ಒಂದು ಬಸುರಿಗೆ ಬಳೆ ತೊಡಿಸುವ ಶಾಸ್ತ್ರವಿತ್ತು. ವಸಂತಮ್ಮ ಅಲ್ಲಿ ಆ ಹಾಡು ಹಾಡಿದಳು. ಎರಡನೇ ಸಾಲಿನಲ್ಲಿ “ಹಸಿವಮ್ಮ” ಎಂಬಲ್ಲಿ ಸ್ವರವನ್ನು ಸ್ವಲ್ಪ ತಡೆದು, ಮೇಲಕ್ಕೆ ಎತ್ತಿ ಬಿಟ್ಟಳು. ಚಿಕ್ಕತಾಯಮ್ಮ ಕುಂಕುಮದ ತಟ್ಟೆ ಹಿಡಿದು ನಿಂತಿದ್ದವಳು ಅಲುಗಾಡಲಿಲ್ಲ. ಅದು ಅಲ್ಲಿ ಹಾಗೇ ಏಳಬೇಕಿತ್ತು. ತನಗೆ ಅದು ಹೊಳೆದಿರಲಿಲ್ಲ. ಹೊಳೆದಿದ್ದರೂ ಈ ಗಂಟಲಲ್ಲಿ ಏಳುತ್ತಿರಲಿಲ್ಲ.

ಅಂದಿನಿಂದ ಅದು ವಸಂತಮ್ಮನ ಹಾಡಾಯಿತು. ಮದುವೆಗೆ, ಮುಯ್ಯಿಗೆ ಕರೆದವರು, “ಆ ಅನೂರು ಪ್ಲೇಟಿಂದು ಆಡವ್ವ” ಎಂದು ಅವಳನ್ನೇ ಕೇಳುತ್ತಿದ್ದರು. ಮಾಂಬಳ್ಳಿಯಿಂದ ಬಂದ ಬೀಗರು ಕಲಿತುಕೊಂಡು ಹೋದರು. ತನ್ನದನ್ನೇ ಇನ್ನೊಬ್ಬಳ ಬಾಯಲ್ಲಿ ಕೇಳಿ ಚಿಕ್ಕತಾಯಮ್ಮನಿಗೆ ಹೊಟ್ಟೆ ಉರಿಯುತ್ತಿತ್ತು. ಯಾರ ಮುಂದೆಯೂ ಹೇಳುವಂತಿರಲಿಲ್ಲ.

ವಸಂತಮ್ಮನಿಗೆ ಆ ಪ್ಲೇಟು ಬೇಕೇ ಬೇಕಾಯಿತು. ತಾನು ಹಾಡುವುದು ಮೂಲಕ್ಕೆ ಸರಿಯಾಗಿದೆಯೋ ಎಂದು ನೋಡುವ ಹಟ. ಸೋದರಮಾವನ ಕೈಲಿ ಮೈಸೂರಿನ ಅಂಗಡಿಗೆ ಕಾಗದ ಬರೆಸಿದಳು. ಅಂಥದ್ದು ಇಲ್ಲ ಎಂದು ಉತ್ತರ ಬಂತು. ಕೊನೆಗೆ ರೇಷ್ಮೆ ಗೂಡು ತರಲು ಹನೂರಿಗೆ ಹೊರಟ ಗಂಡನಿಗೆ, ಸದಾಶಿವಪ್ಪನವರ ಮನೆಯಲ್ಲಿ ವಿಚಾರಿಸಿ ಬಾ ಎಂದಳು.

ಅವನು ಬಂದ ಮರುದಿನ ಬೆಳಿಗ್ಗೆ ವಸಂತಮ್ಮ ಒಬ್ಬಳೇ ಬೀದಿ ದಾಟಿದಳು. ಚಿಕ್ಕತಾಯಮ್ಮ ರಾಟೆಗೆ ಎಣ್ಣೆ ಬಿಡುತ್ತಿದ್ದಳು.

“ಆ ಪ್ಲೇಟು ಇಲ್ಲ ಕನಕ್ಕ. ಅವರ ಮಿಷಿನ್ನು ಆಗ ಕೆಟ್ಟಿತ್ತಂತೆ” ಎಂದಳು ವಸಂತಮ್ಮ, ನಿಂತುಕೊಂಡೇ.

ಚಿಕ್ಕತಾಯಮ್ಮ ಎಣ್ಣೆ ಗಿಂಡಿ ಕೆಳಗಿಟ್ಟಳು. ಬೀದಿಗೆಲ್ಲ ಸಾರಿಬಿಡಲಿ, ಆಗುವುದು ಆಗಲಿ ಎಂದುಕೊಂಡು, “ಉಂ. ನಾನೇ ಕಟ್ಟಿದ್ದು. ಉಳಮನೇಲಿ” ಎಂದಳು.

ವಸಂತಮ್ಮ ಜಗಲಿಯ ಮೇಲೆ ಕೂತಳು. ಅವಳ ಕಣ್ಣು ಕೆಂಪಾಗಿದ್ದದ್ದು ಆಗ ಕಂಡಿತು. “ಎಂಗ್ ಬಂತು?”

“ಬಂತು, ಅಷ್ಟೇಯ.”

“ನನ್ಗ್ಯಾಕ ಬರಲ್ಲ?” ಎಂದು ವಸಂತಮ್ಮ ಜೋರಾಗಿಯೇ ಕೇಳಿದಳು. “ಐದನೇ ವರ್ಷದಿಂದ ಕೇಳ್ತಾವ್ನಿ. ಇಷ್ಟ್ ಆಡು ತಲೇಲದ. ನನ್ದು ಅಂತ ಒಂದ್ ಸಾಲೂ ಬಂದಿಲ್ಲ. ವಟ್ಟೆ ಉರೀತದ ಅಕ್ಕ.”

ಈ ಹುಡುಗಿಗೆ ತನ್ನ ಮೇಲೆ ಹೊಟ್ಟೆಯುರಿ! ಚಿಕ್ಕತಾಯಮ್ಮನಿಗೆ ಒಂದು ಗಳಿಗೆ ಹಿತವಾಯಿತು. ಆಮೇಲೆ ಕೇಳಿದಳು. “ಎಲ್ಲಾರ್ಗೂ ಏಳೀಯಾ?”

“ಇಲ್ಲ.”

“ಯಾಕ?”

“ಏಳುದ್ರೆ ಅದು ನಿನ್ದು ಅಂತ ಗೊತ್ತಾಯ್ತದಲ್ಲ” ಎಂದು ವಸಂತಮ್ಮ ಎದ್ದು ಹೋದಳು.

ಅವಳು ಮಾತಿಗೆ ತಪ್ಪಲಿಲ್ಲ. ಆರು ತಿಂಗಳು ಆ ಹಾಡು ಹನೂರು ಪ್ಲೇಟಾಗಿಯೇ ಉಳಿಯಿತು. ಚಿಕ್ಕತಾಯಮ್ಮ ಇನ್ನೊಂದು ಕಟ್ಟಲು ನೋಡಿದಳು. ಮಗ್ಗದ ಮೇಲೊಂದು, ಬಾವಿಯ ಮೇಲೊಂದು. ಯಾವುದೂ ಕೂಡಿಬರಲಿಲ್ಲ. ಹೆತ್ತ ಒಂದೇ ಕೂಸು ಎದುರು ಮನೆಯಲ್ಲಿ ಬೆಳೆಯುತ್ತಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಗೋವಿಂದಮ್ಮನ ಮಗಳ ಮದುವೆಯ ಅರಿಶಿನದ ದಿನ ವಸಂತಮ್ಮ ಆ ಹಾಡು ಮುಗಿಸಿದಾಗ ಗಂಡಿನ ಕಡೆಯ ಮುದುಕಿಯೊಬ್ಬಳು, “ಯಾವ ಪುಣ್ಯಾತ್ಗಿತ್ತಿ ಕಟ್ಟಿದ್ಳೋ” ಎಂದಳು. ಚಿಕ್ಕತಾಯಮ್ಮನ ಕೈಯಲ್ಲಿ ಅರಿಶಿನದ ಬಟ್ಟಲಿತ್ತು. ಅದನ್ನು ಕುಕ್ಕಿ, “ನಾನು! ನಾನು ಕಟ್ಟಿದ್ದು!” ಎಂದುಬಿಟ್ಟಳು.

ಎಲ್ಲರೂ ನಕ್ಕರು. “ನೀನೇ ಅಲ್ವಾ ತಾಯಕ್ಕ ಪ್ಲೇಟು ಅಂದವ್ಳು?” ಎಂದಳು ಗೋವಿಂದಮ್ಮ. ಚಿಕ್ಕತಾಯಮ್ಮ ವಸಂತಮ್ಮನ ಕಡೆ ನೋಡಿದಳು. ವಸಂತಮ್ಮ ತಲೆ ತಗ್ಗಿಸಿ ಬಳೆ ತಿರುಗಿಸುತ್ತಿದ್ದಳು. ನಗು ಇನ್ನೇನು ನಿಲ್ಲಬೇಕು, ಬೇರೆ ಹಾಡು ಶುರುವಾಗಬೇಕು. ಆಗ ವಸಂತಮ್ಮ, “ಅವ್ಳದೇಯ” ಎಂದಳು. “ಪ್ಲೇಟೂ ಇಲ್ಲ, ಯಾನೂ ಇಲ್ಲ. ನಾನ್ ಇಚಾರ್ಸಿವ್ನಿ.” ಎದ್ದು, ಊಟಕ್ಕೂ ನಿಲ್ಲದೆ ಮನೆಗೆ ಹೋದಳು.

ನಾಲ್ಕು ದಿನ ಎದುರು ಬಾಗಿಲು ಮುಚ್ಚಿತ್ತು. ಐದನೇ ದಿನ ಬಂದವಳು ರಾಟೆಯನ್ನು ಚಿಕ್ಕತಾಯಮ್ಮನ ಜಗಲಿಯ ಮೇಲೆ ಇಟ್ಟು, ಒಂದು ಲೋಟ ಹಾಲು ಸಾಲ ಕೇಳುವವಳಂತೆ ಕೇಳಿದಳು. “ಎರಡೇ ನುಡಿಗ ಆಡು ನಿಂತೋಯ್ತದ. ಮೂರ್ನೇದು ಕಟ್ಟು. ನಾನ್ ಆಡ್ತೀನಿ.”

“ಕಟ್ಟಿವ್ನಿ” ಎಂದಳು ಚಿಕ್ಕತಾಯಮ್ಮ. ಆ ನಾಲ್ಕು ದಿನಗಳಲ್ಲಿ ಅದು ತಾನಾಗಿ ಬಂದಿತ್ತು. “ಗೋವಿಂದಮ್ಮನ್ಗ ಏಳ್ಕೊಟ್ಟಿವ್ನಿ.”

ವಸಂತಮ್ಮನ ಮುಖ ಬಿಳುಪಾಯಿತು. “ಗೋವಿಂದಕ್ಕನ್ಗಾ? ಅವ್ಳ್ಗ ಸುತಿನೇ ಇಲ್ವಲ್ಲ!”

“ಅದ್ಕೇಯ” ಎಂದಳು ಚಿಕ್ಕತಾಯಮ್ಮ.

ಅವರಿಬ್ಬರೂ ಗೆಳತಿಯರಾದರು ಎಂದು ನಾನು ಹೇಳಲಾರೆ. ಗೋವಿಂದಮ್ಮ ಆ ನುಡಿಯನ್ನು ಕೆಡಿಸಿ ಹಾಡುವುದನ್ನು ಚಿಕ್ಕತಾಯಮ್ಮ ಎರಡು ವಾರ ಸಹಿಸಿದಳು. ಮೂರನೇ ವಾರ ತಾನೇ ಬೀದಿ ದಾಟಿ, ವಸಂತಮ್ಮನ ಜಗಲಿಯ ತುದಿಯಲ್ಲಿ ಕೂತು, ಅವಳ ಕಡೆ ತಿರುಗದೆ, ಮೂರನೇ ನುಡಿಯನ್ನು ಒಂದೇ ಒಂದು ಸಲ ಹೇಳಿದಳು. ವಸಂತಮ್ಮನಿಗೆ ಒಂದು ಸಲ ಸಾಕಾಗಿತ್ತು.