ರಂಗಲಕ್ಷ್ಮಮ್ಮ ಅರೆಯದ ಸೊಪ್ಪು

ಸಿ.ಎಸ್. ಪುರದ ರಂಗಲಕ್ಷ್ಮಮ್ಮ ಕಾಮಾಲೆಗೆ ಮದ್ದು ಕೊಡುತ್ತಿದ್ದಳು. ವಿದ್ಯೆ ಅವಳ ಅಪ್ಪನಿಂದ ಬಂದದ್ದು. ನೆಲನೆಲ್ಲಿ ಸೊಪ್ಪನ್ನು ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕದಡಿ, ಬೆಳಗ್ಗೆ ಬರಿಹೊಟ್ಟೆಗೆ ಕುಡಿಸುವುದು. ಗುಬ್ಬಿ, ಕುಣಿಗಲ್ ಕಡೆಯಿಂದೆಲ್ಲ ಕಣ್ಣು ಹಳದಿಯಾದವರು ಅವಳ ಜಗುಲಿಗೆ ಬಂದು ಕೂರುತ್ತಿದ್ದರು. ಪಥ್ಯ ಮುರಿದವರಿಗೆ ಮದ್ದಿಗಿಂತ ಮೊದಲು ಬೈಗುಳ ಸಿಗುತ್ತಿತ್ತು. ಗಂಡ ಬೀರಯ್ಯ ತೀರಿಕೊಂಡ ಮೇಲೆ ಅವಳನ್ನು ನಿಲ್ಲಿಸಿದ್ದು ಆ ಜಗುಲಿಯೇ.

ಒಬ್ಬಳೇ ಮಗಳು ಹನುಮಂತಮ್ಮನನ್ನು ಮಾರ್ಕೋನಹಳ್ಳಿಯ ಚಿಕ್ಕಬೀರಯ್ಯನಿಗೆ ಕೊಟ್ಟಿದ್ದಳು. ಅವರಿಗೊಂದು ಹೆಣ್ಣು ಮಗು, ಸಿದ್ದಗಂಗೆ. ೧೯೭೮ರ ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಬಂದ ಮಗು ಹಿಂದಿನಂತೆ ಬೇಲಿ ಹಾರಲಿಲ್ಲ, ಸೀಬೆ ಮರ ಹತ್ತಲಿಲ್ಲ. ಗೋಡೆಗೆ ಒರಗಿ ಕೂತೇ ಇರುತ್ತಿತ್ತು. ರಂಗಲಕ್ಷ್ಮಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಹಳದಿಯಿರಲಿಲ್ಲ, ಒಗೆದ ಬಟ್ಟೆಯಂತೆ ಬಿಳುಪು. ರಕ್ತವಾಗಲೆಂದು ಸೊಪ್ಪಿನ ಸಾರು ಮಾಡಿ ಉಣಿಸಿದಳು. ಮಗುವಿನ ಕಾಲಿನ ಮೇಲೆ, ಎಲ್ಲೂ ಬೀಳದಿದ್ದರೂ, ನೇರಳೆ ಬಣ್ಣದ ಕಲೆಗಳು ಎದ್ದವು. ಒಂದು ಬೆಳಗ್ಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂತು, ನಿಲ್ಲಲೇ ಇಲ್ಲ.

ಅವಳು ಮಗಳಿಗೆ ಹೇಳಿಕಳಿಸಿದಳು. ಬಂದವಳಿಗೆ, "ಇದು ನನ್ನ ಮದ್ದಿಗೆ ಬಗ್ಗೋ ಕಾಯ್ಲೆ ಅಲ್ಲ ಕಣೇ, ತುಮ್ಕೂರಿಗೆ ನಡಿ" ಎಂದಳು.

ತುಮಕೂರಿನಲ್ಲಿ ಮಕ್ಕಳ ಡಾಕ್ಟರ್ ಕೌಸಲ್ಯ ರಕ್ತ ಪರೀಕ್ಷೆ ಮಾಡಿಸಿದರು. ರಿಪೋರ್ಟ್ ಓದಿ, ಮಗುವನ್ನು ನರ್ಸ್ ಜೊತೆ ಹೊರಗೆ ಕಳಿಸಿ, ರಕ್ತದ ಕ್ಯಾನ್ಸರ್ ಎಂದರು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಮೊದಲ ಸುತ್ತಿನ ಚಿಕಿತ್ಸೆ ಅಲ್ಲಿ ಆಯಿತು. ಮುಂದಿನ ಇಂಜೆಕ್ಷನ್ ತುಮಕೂರಿನಲ್ಲೇ ಕೌಸಲ್ಯರ ಕೈಯಲ್ಲಿ. ಮಗುವನ್ನು ಕರೆದುಕೊಂಡು ಹೋಗುವ ಕೆಲಸ ಅಜ್ಜಿಯದಾಯಿತು. ಕೂದಲು ಉದುರಿತಾದರೂ ಕೆನ್ನೆಗೆ ಬಣ್ಣ ಬಂತು. ಸಿದ್ದಗಂಗೆ ತಲೆಗೆ ವಸ್ತ್ರ ಕಟ್ಟಿಕೊಂಡು ಮತ್ತೆ ಸ್ಕೂಲಿಗೆ ಹೋದಳು.

ಸೂಜಿ ಚುಚ್ಚುವಾಗ ಡಾಕ್ಟರು ಉಸಿರು ಬಿಗಿಹಿಡಿಯುವುದನ್ನು ರಂಗಲಕ್ಷ್ಮಮ್ಮ ಗಮನಿಸಿದ್ದಳು. ಒಮ್ಮೆ ಕೇಳಿದಳು: "ಯಾತರ ಮದ್ದು ತಾಯಿ ಇದು?"

"ಕಾಶಿ ಕಣಗಿಲೆ ಗೊತ್ತಲ್ಲ ಅಜ್ಜಿ? ಅದರಿಂದ ತೆಗೆದದ್ದು."

"ನಮ್ಮನೆ ಮುಂದೆ ತುಂಬ ಅವೆ. ದನ ಕೂಡ ಮೂಸಲ್ಲ."

"ಅದೇ. ಗಾಡಿಗಟ್ಟಲೆ ಎಲೆ ಸೋಸಿದ್ರೆ ಒಂದು ಚಿಟಿಕೆ ಸಿಗುತ್ತೋ ಇಲ್ವೋ. ಉಳಿದದ್ದರಲ್ಲಿ ವಿಷಾನೂ ಇರುತ್ತೆ. ಈ ಇಂಜೆಕ್ಷನ್ನೇ ನರದಿಂದ ಆಚೆ ಚೆಲ್ಲಿದ್ರೆ ಮಾಂಸ ಸುಟ್ಟುಹೋಗುತ್ತೆ. ನೀವು ಮನೇಲಿ ಕುದಿಸಿ ಕುಡಿಸೋಕೆ ಹೋಗ್ಬೇಡಿ."

ರಂಗಲಕ್ಷ್ಮಮ್ಮ ತಲೆಯಾಡಿಸಿದಳು. ಆದರೆ ಸಂತೋಷ ತಡೆಯಲಾರದೆ, ನಮ್ಮ ಹೂವೇ ಮಗೂನ ಉಳಿಸ್ತು ಎಂದು ಅಳಿಯನಿಗೂ ಮಗಳಿಗೂ ಹೇಳಿಬಿಟ್ಟಳು.

ಮಾರನೆಯ ವರ್ಷ ದೀಪಾವಳಿಯ ಹೊತ್ತಿಗೆ ಕಾಲಿನ ಕಲೆಗಳು ಮತ್ತೆ ಕಂಡವು. ಬೆಂಗಳೂರಿನವರು ಬೇರೆ ಬೇರೆ ಮದ್ದು ಹಾಕಿ ನೋಡಿ, ಕಾಯಿಲೆ ಇನ್ನು ಮದ್ದಿನ ಮಾತು ಕೇಳುತ್ತಿಲ್ಲ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದು ಕಳಿಸಿದರು.

ಚಿಕ್ಕಬೀರಯ್ಯ ಮರುದಿನ ಮಧ್ಯಾಹ್ನವೇ, ಮಗುವನ್ನು ನೆರೆಮನೆಯವರ ಬಳಿ ಬಿಟ್ಟು, ಹೆಂಡತಿಯೊಂದಿಗೆ ಸಿ.ಎಸ್. ಪುರಕ್ಕೆ ಬಂದ. ಅಂಗಳದ ಕಾಶಿ ಕಣಗಿಲೆಯನ್ನು ಬೇರುಸಮೇತ ಕಿತ್ತು, ತೋಳ್ತುಂಬ ತಂದು ಅತ್ತೆಯ ಮುಂದೆ ಹಾಕಿದ.

"ಊರೋರ್ಗೆಲ್ಲ ಅರ್ದು ಕೊಡ್ತೀರ ಅತ್ತೆ. ಇದ್ನೂ ಅರ್ದು ಕೊಡಿ."

"ಬ್ಯಾಡ ಕಣಪ್ಪ. ಡಾಕ್ಟ್ರಮ್ಮ ವಿಷ ಅಂದವ್ರೆ."

"ಅವ್ರೇ ಕೈ ಬುಟ್ರಲ್ಲ. ಇನ್ನೇನ್ ವಿಷ?"

ಹನುಮಂತಮ್ಮ ಬಾಗಿಲಲ್ಲೇ ನಿಂತಿದ್ದಳು. "ಅವ್ವ, ನಿನ್ನ ಕೈಗುಣ ಸೀಮೆಗೆಲ್ಲ ಐತೆ. ನನ್ನ ಮಗೂಗೆ ಮಾತ್ರ ಇಲ್ವಾ?"

"ಎಷ್ಟು ಹಾಕ್ಬೇಕು, ಹೆಂಗೆ ಇಳಿಸ್ಬೇಕು, ನಂಗೊಂದೂ ತಿಳೀದು. ತಿಳೀದಿದ್ದನ್ನ ಮಗೂನ ಬಾಯಿಗೆ ಹೆಂಗೆ ಹುಯ್ಯಲಿ? ಹೊಟ್ಟೆ ಉರ್ಕೊಂಡು ಸಾಯೋದ್ನ ನಾನು ನೋಡಲಾರೆ."

ಸಾಯುವ ಮಾತು ಆ ಮನೆಯಲ್ಲಿ ಮೊದಲ ಸಲ ಬಾಯಿಗೆ ಬಂದಿತ್ತು. ಅವರಿಬ್ಬರೂ ನೀರು ಕೂಡ ಕುಡಿಯದೆ ಹೊರಟುಹೋದರು.

ಅವರು ಹೋದ ಮೇಲೆ ರಂಗಲಕ್ಷ್ಮಮ್ಮ ಒಂದು ಹಿಡಿ ಸೊಪ್ಪು ಬಿಡಿಸಿ ಅರೆಯುವ ಕಲ್ಲಿನ ಮೇಲಿಟ್ಟಳು. ಗುಂಡು ಹಿಡಿದು ಬಹಳ ಹೊತ್ತು ಕೂತಳು. ಒಂದೆಲೆ ಕಚ್ಚಿ ನೋಡಿದಳು. ನಾಲಿಗೆಯ ಬುಡಕ್ಕೆ ಕಹಿ ಇಳಿಯಿತು. ಅದನ್ನು ಉಗುಳಿ, ಸೊಪ್ಪನ್ನು ತಿಪ್ಪೆಗೆ ಹಾಕಿ, ಕಲ್ಲು ತೊಳೆದು, ಸೀರೆಗಂಟು ಕಟ್ಟಿಕೊಂಡು ತಾನೂ ಮಾರ್ಕೋನಹಳ್ಳಿಗೆ ಹೋದಳು. ಮಗಳು ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಮಗು ಮಾತ್ರ ಅಜ್ಜಿಯ ತೊಡೆ ಬಿಡಲಿಲ್ಲ.

"ಅಜ್ಜಿ, ಇವತ್ತು ಇಂಜೆಕ್ಷನ್ ಇಲ್ಲ ತಾನೆ?"

"ಇಲ್ಲ ಕಣವ್ವ."

"ನಾಳೆ?"

"ನಾಳೇನೂ ಇಲ್ಲ. ಮಲ್ಕೊ."

ಸಂಕ್ರಾಂತಿ ಕಳೆದ ವಾರದಲ್ಲಿ ಸಿದ್ದಗಂಗೆ ತೀರಿಕೊಂಡಳು. ತಿಥಿ ಮುಗಿದ ದಿನ, ನೆಂಟರೆಲ್ಲ ಕೂತಿದ್ದಾಗ, ಹನುಮಂತಮ್ಮ ಹೇಳಿದಳು: "ಮದ್ದು ಮನೆ ಮುಂದೇನೇ ಬೆಳೆದಿತ್ತು. ಕೊಡೋ ಕೈ ನಮ್ಮವ್ವಂದೇ. ಕೊಡ್ಲಿಲ್ಲ." ರಂಗಲಕ್ಷ್ಮಮ್ಮ ಎದ್ದು ಬಸ್ಸಿಗೆ ಹೋದಳು. ಆಮೇಲೆ ಮಗಳು ತವರಿಗೆ ಕಾಲಿಡಲಿಲ್ಲ. ಆ ಮಾತು ಊರಿನಲ್ಲೂ ಹಬ್ಬಿತು. ಮೊಮ್ಮಗಳನ್ನೇ ಉಳಿಸದವಳು ಎಂದು ಕೆಲವರು ಜಗುಲಿ ಹತ್ತುವುದನ್ನು ಬಿಟ್ಟರು. ಅವಳು ಯಾರೊಡನೆಯೂ ವಾದಕ್ಕಿಳಿಯಲಿಲ್ಲ. ಡಾಕ್ಟರು ಹೇಳಿದ್ದು ನಿಜವೇ, ಒಂದು ಗುಟುಕು ಕುಡಿಸಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಮಾತ್ರ ರಾಗಿ ಬೀಸುವಾಗ, ಕಸ ಗುಡಿಸುವಾಗ, ಯಾವಾಗೆಂದರೆ ಆಗ ಬರುತ್ತಿತ್ತು.

ಎಂಬತ್ಮೂರರಲ್ಲಿ ಗುಬ್ಬಿಯ ಏಕಾಂತಯ್ಯ ತನ್ನ ಮೊಮ್ಮಗಳು ಗಂಗಾಂಬಿಕೆಯನ್ನು ಕಾಮಾಲೆಯೆಂದು ಕರೆತಂದ. ರಂಗಲಕ್ಷ್ಮಮ್ಮ ಹುಡುಗಿಯ ರೆಪ್ಪೆ ಎಳೆದು ನೋಡಿದಳು. ಲಂಗ ಸರಿಸಿ ಕಾಲು ನೋಡಿದಳು. ಅದೇ ಬಿಳುಪು, ಅದೇ ನೇರಳೆ ಕಲೆಗಳು. ಏನೂ ಅರೆಯದೆ, ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ತುಮಕೂರಿಗೆ ಹೊರಟಳು. ಕೌಸಲ್ಯ ಅವಳನ್ನು ನೋಡಿದೊಡನೆ ಎದ್ದು ನಿಂತರು. ಅದೇ ಬೆಂಗಳೂರು, ಅದೇ ಇಂಜೆಕ್ಷನ್. ವರ್ಷಗಳು ಹಿಡಿದವು. ಗಂಗಾಂಬಿಕೆ ಉಳಿದಳು.

ಮದ್ದು ನಿಲ್ಲಿಸಿದ ವರ್ಷ ಏಕಾಂತಯ್ಯ ಹುಡುಗಿಯೊಂದಿಗೆ ಬಂದು ಹಣ್ಣು, ಸೀರೆ ಕೊಟ್ಟುಹೋದ. ಹುಡುಗಿಗೆ ಎರಡು ಜಡೆ. ಅವಳ ನೆತ್ತಿ ಸವರಿ ಕಳಿಸಿದ ಮೇಲೆ ರಂಗಲಕ್ಷ್ಮಮ್ಮ ಒಳಗೆ ಹೋಗಿ ಅತ್ತಳು.

ಸುದ್ದಿ ಮಾರ್ಕೋನಹಳ್ಳಿಗೂ ಮುಟ್ಟಿತು. ಒಂದು ದಿನ ಹನುಮಂತಮ್ಮ ಒಬ್ಬಳೇ ಬಂದು ಜಗುಲಿಯಲ್ಲಿ ಕೂತಳು. ಅವಳ ತಲೆಯಲ್ಲೂ ನರೆ ಬಂದಿತ್ತು.

"ಅದೇ ಇಂಜೆಕ್ಷನ್ನಾ?"

"ಅದೇ."

"ಮತ್ತೆ ನನ್ನ ಮಗೂಗೆ ಯಾಕೆ ಹಿಡೀಲಿಲ್ಲವ್ವ?"

"ಗೊತ್ತಿಲ್ಲ ಕಣವ್ವ. ಡಾಕ್ಟ್ರಮ್ಮನ್ನೂ ಕೇಳ್ದೆ. ಅವ್ರಿಗೂ ಗೊತ್ತಿಲ್ವಂತೆ."

ರಂಗಲಕ್ಷ್ಮಮ್ಮ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಮಗಳು ಒಳಗೆ ಬಂದು ಒಲೆಯ ಪಕ್ಕ ಕೂತು, ಉರಿಯುವ ಸೌದೆಯನ್ನು ಮುಂದಕ್ಕೆ ತಳ್ಳಿದಳು.