ಹುಲ್ಲುಲ್ಲಿಗೋ ಅಂದ್ರೇನು?

ನಂದು ತವರು ಕಾಗವಾಡ ಕಡೆ, ಮನ್ಯಾಗ ಮಾತೆಲ್ಲ ಮರಾಠಿ. ಕರೋಶಿಗೆ ಸೊಸಿಯಾಗಿ ಬಂದ ವರ್ಷ ಶೀಗಿ ಹುಣ್ಣಿಮಿಗೆ ಚರಗ ಚೆಲ್ಲಾಕ ಹೊಲಕ್ಕ ಕರಕೊಂಡು ಹೋದ್ರು. ಹೋಳಿಗಿ, ಕಡಬು, ಅನ್ನ, ಪಲ್ಲೆ ಎಲ್ಲಾ ಕಲಸಿ ಬುಟ್ಟಿಗೆ ಹಾಕ್ಕೊಂಡು ಬೆಳಿ ಮ್ಯಾಲ ಚೆಲ್ಲೂದು. ಭೂಮ್ತಾಯಿ ಬಸುರಿ, ಆಕಿಗೆ ಬಯಕಿ ಊಟ. ಮುಂದ ಮಾವನವರು ಚೆಲ್ಲಿಕೋತ "ಹುಲ್ಲುಲ್ಲಿಗೋ" ಅಂತ ಒದರಿದ್ರು. ಹಿಂದ ತಂಬಿಗಿ ನೀರು ಚಿಮುಕಿಸ್ಕೋತ ಬರತಿದ್ದ ನಮ್ಮ ಮನಿಯವ್ರು "ಸುರಾಂಬ್ಲಿಗೋ" ಅಂತ ಉತ್ತರ ಕೊಟ್ರು.

ನನಗೊಂದು ಚಾಳಿ. ಹೊಸಾ ಶಬ್ದ ಕಿವಿಗೆ ಬಿತ್ತಂದ್ರ ಅರ್ಥ ಸಿಗೂತನಕ ಉಂಡದ್ದು ಕರಗೂದಿಲ್ಲ. ಮನಿಯವ್ರನ್ನ ಕೇಳಿದೆ, ಕಬ್ಬಿನ್ಯಾಗಿನ ಹಂದಿ ಓಡಿಸಾಕ ಅಂದ್ರು. ಅವರ ಮಾತು ಯಾವಾಗ ನಂಬೂವಂಗ ಇತ್ತು ಬಿಡ್ರಿ. ಬಾಜೂ ಮನಿ ಜೈನರ ಆಯಿ, ಹುಲ್ಲು ಹುಲುಸಾಗಿ ಬೆಳೀಲಿ ಅಂತ ಹಾರೈಸೂ ಮಾತದು ಅಂದ್ರು. ಚಿಕ್ಕೋಡಿ ಕಾಲೇಜಿನ ಕನ್ನಡ ಸರ್ ಅಂತೂ ಅರ್ಧಾ ತಾಸು ಹೇಳಿದ್ರು: 'ಪೊಲಿ' ಅಂದ್ರ ಹಳೇ ಕಾಲದ ಮಾತಿನ್ಯಾಗ ರಾಶಿಯ ಸಮೃದ್ಧಿ, ಅದ ಬಾಯಿಂದ ಬಾಯಿಗೆ ಬಂದು ಹುಲ್ಲುಲ್ಲಿ ಆಗಿರಬೇಕು, 'ಅಂಬಲಿ ಸುರಿ' ಅನ್ನೂದು ಸುರಾಂಬ್ಲಿ ಆಗಿರಬೇಕು. ಖಾತ್ರಿ ಏನಿಲ್ಲವಾ ಅಂತ ಕಡೀಕ ತಾವೇ ನಕ್ಕರು. ಮಾವನವರದು ಮಾತ್ರ ಪ್ರತಿ ವರ್ಷ ಒಂದ ಉತ್ತರ.

"ಅರ್ಥ ತಗೊಂಡು ಏನ್ ಮಾಡ್ತಿ ತಂಗಿ? ಒದರು, ಭೂಮ್ತಾಯಿಗೆ ತಿಳೀತೈತಿ."

ನನಗ ಸಿಟ್ಟು ಬರತಿತ್ತು.

ಹೋದ ವರ್ಷ ಬ್ಯಾಸಗಿಯೊಳಗ ಮಾವನವರಿಗೆ ಲಕ್ವಾ ಹೊಡೀತು. ಕೈಕಾಲು ಸ್ವಲ್ಪ ಸ್ವಲ್ಪ ತಿರುಗಿ ಬಂದ್ವು, ಮಾತು ಬರಲಿಲ್ಲ. ಬಂದ್ರೂ ಬರಬಹುದು, ಇಲ್ಲಂದ್ರ ಇಲ್ಲ ಅಂದ್ರು ಡಾಕ್ಟರು. ಸಂತಿಯೊಳಗ ಎತ್ತಿನ ದಲಾಲರ ಬಾಯಿ ಮುಚ್ಚಿಸಿದ ಮನಷ್ಯಾ, ಚಾ ಬೇಕಂದ್ರ ಕಪ್ಪಿನ ಕಡೆ ಬೆರಳು ಮಾಡಬೇಕಾತು. ನಾವು ಎದುರಿಗೆ ಕುಂತು ನೀರು ಅನ್ರಿ, ಅನ್ನ ಅನ್ರಿ ಅಂತ ಕಲಿಸೂದು, ಅವರು ಗ್ವಾಡಿ ಕಡೆ ಮಾರಿ ತಿರುಗಿಸೂದು. 'ತಂಗಿ' ಅನ್ನೂ ಆ ದನಿ ಇಲ್ಲದ ಮನಿ ನನಗ ಬಿಕೋ ಅಂತಿತ್ತು.

ಶೀಗಿ ಹುಣ್ಣಿಮಿ ಬಂತು. ಟ್ರ್ಯಾಕ್ಟರ್ ಟ್ರಾಲಿಯೊಳಗ ಕುರ್ಚಿ ಇಟ್ಟು ಅವರನ್ನೂ ಹೊಲಕ್ಕ ಕರಕೊಂಡು ಹೋದ್ವಿ. ಮೊದಲ ಕೂಗು ಯಾವಾಗಲೂ ಅವರದ. ಈ ಸಲ ಬುಟ್ಟಿ ಮನಿಯವ್ರ ಕೈಗೆ ಬಂತು, ತಂಬಿಗಿ ನನ್ನ ಕೈಗೆ. ಮನಿಯವ್ರು ಅಪ್ಪನ ಕಡೆ ನೋಡಲಾರದ, ಕಬ್ಬಿನ ಕಡೆ ಮಾರಿ ಮಾಡಿ, ಚರಗ ಚೆಲ್ಲಿ ಜೋರಾಗಿ "ಸುರಾಂಬ್ಲಿಗೋ" ಅಂದುಬಿಟ್ರು. ಸಣ್ಣಾಂವ ಇದ್ದಾಗಿಂದ ಹಿಂದ ನಿಂತು ಉತ್ತರ ಕೊಟ್ಟ ಬಾಯಿ, ಮುಂದ ನಿಂತ್ರೂ ಉತ್ತರಾನ ಕೊಡ್ತು.

ಕುರ್ಚಿ ಕಡೆಯಿಂದ ದನಿ ಬಂತು.

"ಹುಲ್ಲುಲ್ಲಿಗೋ!"

ದನಿ ಒಡಕು, ಸಿಟ್ಟು ಮಾತ್ರ ಪೂರಾ ಹಳೇದ. ಮಗಾ ತಪ್ಪಿದ್ದು ತಡಕೊಳ್ಳಾಕ ಆಗದ ಮಾವನವರು ಒದರಿದ್ರು. ಅತ್ತಿ ಸೆರಗು ಬಾಯಿಗೆ ಹಿಡಕೊಂಡ್ರು. ಉತ್ತರ ಕೊಡಬೇಕಾದಾಕಿ ನಾನು, ಅದನ್ನ ಮರತು ಅವರ ಮಾರಿ ನೋಡಿಕೋತ ನಿಂತೆ. ಅವರು ನನ್ನ ಕೈಯಾಗಿನ ತಂಬಿಗಿ ನೋಡಿದ್ರು, ನನ್ನ ನೋಡಿದ್ರು, ತುಟಿ ಅಲ್ಲಾಡಿಸಿ ಕಷ್ಟಪಟ್ಟು ಅಂದ್ರು.

"ಒದರು... ತಂಗಿ."

ಒದರಿದೆ. ಅಳಕೋತ, ನಕ್ಕೋತ, ರಾಯಬಾಗಕ್ಕ ಕೇಳೂವಂಗ ಒದರಿದೆ. ತಂಬಿಗಿ ನೀರೆಲ್ಲ ನನ್ನ ಸೀರಿ ಮ್ಯಾಲ. ಅಂಥಾ ಖುಷಿ ನಾ ಮದುವ್ಯಾಗೂ ಪಟ್ಟಿದ್ದಿಲ್ಲ.

ಊಟಕ್ಕ ಕುಂತಾಗ ಮಾವನವರ ಹೋಳಿಗಿಗೆ ತುಪ್ಪ ಬರೂದು ತಡಾ ಆತು. ಬಾಯಾಗ ಬ್ಯಾರೆ ಮಾತು ಇನ್ನೂ ಸಿಗವಲ್ದು. ತಾಟು ಮುಂದ ತಳ್ಳಿ, ಹುಬ್ಬು ಗಂಟು ಹಾಕಿ "ಹುಲ್ಲುಲ್ಲಿಗೋ" ಅಂದ್ರು. ನಾ ಓಡಿ ಹೋಗಿ ತುಪ್ಪದ ಬಟ್ಟಲ ತಂದು, ಸುರಾಂಬ್ಲಿಗೋ ಅನಕೋತ ಧಾರಾಳ ಸುರಿದೆ.