ಟಿಫಿನ್ ಕ್ಯಾರಿಯರಿನಲ್ಲಿ ಐಸು

ಮದುವೆಯಾಗಿ ಆರು ವರ್ಷವಾದರೂ ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಅದಕ್ಕೆ ನನ್ನ ಹೆಂಡತಿಯೇ ಕಾರಣವೆಂದು ದೊಡ್ಡಗಾಜನೂರಿನ ನಮ್ಮ ಬೀದಿ ಯಾರನ್ನೂ ಕೇಳದೆ ತೀರ್ಮಾನಿಸಿತ್ತು. ಬೇರೆಯವರ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವಾಗ ಅವಳು ಹತ್ತಿರ ಹೋದರೆ, ಯಾರಾದರೂ ನಯವಾಗಿ ಕೈಗೊಂದು ವೀಳ್ಯದ ತಟ್ಟೆ ಕೊಟ್ಟು ಆಚೆಗೆ ಕಳಿಸುತ್ತಿದ್ದರು.

ಅವಳ ಪರೀಕ್ಷೆಗಳೆಲ್ಲ ಮುಗಿದು, ಏನೂ ತೊಂದರೆಯಿಲ್ಲವೆಂದು ಗೊತ್ತಾಗಿತ್ತು. ಮುಂದಿನದು ನನ್ನ ಸರದಿ, ಡಬ್ಬಿಯಲ್ಲಿ ವೀರ್ಯ ಕೊಟ್ಟು ಪರೀಕ್ಷೆ ಮಾಡಿಸಬೇಕು. ಡಾಕ್ಟರು ಬರೆದುಕೊಟ್ಟ ಆ ಚೀಟಿಯನ್ನು ನಾಲ್ಕು ತಿಂಗಳು ಕೋಸಿನ ಬೀಜದ ಪೊಟ್ಟಣಗಳ ನಡುವೆ ಬಚ್ಚಿಟ್ಟಿದ್ದೆ. ಮಳೆ ಬಂದರೂ ಬರದಿದ್ದರೂ ಕೊರಗುವ ಪ್ರಾಣಿ ನಾನು; ಇದನ್ನು ಬಿಟ್ಟೇನೆಯೇ? ಕೊನೆಗೆ ಅವಳೇ ಹುಡುಕಿ ತೆಗೆದು ಕೈಗಿಟ್ಟಳು.

"ನಾನು ಎಷ್ಟು ಸೂಜಿ ಚುಚ್ಚುಸ್ಕಂಡಿವ್ನಿ. ನಿಮ್ಗ ಒಂದು ಡಬ್ಬಿಗ ಇಷ್ಟು ಬಯವಾ?"

ಚಾಮರಾಜನಗರ ಹತ್ತಿರ, ಆದರೆ ಅಲ್ಲಿ ಬೀದಿಗೊಬ್ಬ ನೆಂಟ. ಯಾರೂ ಗುರುತು ಹಿಡಿಯದ, ಘಾಟಿಯ ಕೆಳಗೆ ತಮಿಳು ಮಾತಾಡುವ ಸತ್ಯಮಂಗಲವನ್ನೇ ಆರಿಸಿಕೊಂಡೆ. ಲ್ಯಾಬಿನ ಬಚ್ಚಲಲ್ಲಿ ವೀರ್ಯ ಕೊಡಲು ನಾಚಿಕೆಯಾಗಿ ಮನೆಯಲ್ಲೇ ಡಬ್ಬಿ ತುಂಬಿಸಿದೆ. ಆದರೆ ಹಾಸನೂರು ದಾಟಿ ಘಾಟಿಯ ಇಪ್ಪತ್ತೇಳು ತಿರುವು ಇಳಿಯುವಷ್ಟರಲ್ಲಿ ಕೆಟ್ಟುಹೋದರೆ? ಆಗ ನೆನಪಾದದ್ದು ನಮ್ಮ ಹಸು. ಅದು ಬೆದೆಗೆ ಬಂದಾಗ ದನದ ಡಾಕ್ಟರು ಹೋರಿಯ ವೀರ್ಯವನ್ನು ಹೊಗೆಯಾಡುವ ತಣ್ಣನೆಯ ಕ್ಯಾನಿನಲ್ಲಿ ತರುತ್ತಾರೆ. ಹಾಗೆ ಹುಟ್ಟಿದ ಎರಡು ಕರುಗಳು ಕೊಟ್ಟಿಗೆಯಲ್ಲೇ ಇದ್ದವು. ಇನ್ನೇನು ಸಾಕ್ಷಿ ಬೇಕು? ಟಿಫಿನ್ ಕ್ಯಾರಿಯರಿಗೆ ಐಸು ತುಂಬಿ, ನಡುವೆ ಡಬ್ಬಿ ಹೂತು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದವರು "ಊಟ್ವಾ?" ಎಂದಾಗ ಹೂಂ ಎಂದೆ.

ಲ್ಯಾಬಿನ ಹೆಂಗಸು ಮುಚ್ಚಳ ತೆಗೆದು "ಐಸ್ ಎದುಕ್ಕಣ್ಣಾ?" ಎಂದು ಐಸು ಯಾಕೆಂದು ಕೇಳಿದರು. ನನ್ನ ತಮಿಳಿನಲ್ಲಿ ಹಸುವಿನ ಕಥೆ ಹೇಳಿದೆ. ನಗು ತಡೆಯಲಾರದೆ ಅವರು ಪರದೆಯ ಹಿಂದೆ ಹೋದರು. ಹೋರಿಯದಕ್ಕೆ ಔಷಧಿ ಬೆರೆಸಿ ಹದವಾಗಿ ಹೆಪ್ಪುಗಟ್ಟಿಸುತ್ತಾರೆ, ಸುಮ್ಮನೆ ಐಸಿನಲ್ಲಿ ಹೂತರೆ ಓಡಾಡುವ ವೀರ್ಯಾಣುಗಳೆಲ್ಲ ನಿಂತುಹೋಗುತ್ತವೆ, ಮೈಬಿಸಿಯಲ್ಲೇ ಗಂಟೆಯೊಳಗೆ ತರಬೇಕು ಎಂದು ಡಾಕ್ಟರು ತಿಳಿಸಿದರು.

ಆಮೇಲೆ ಎರಡು ಸಲ ಆ ಬಚ್ಚಲಲ್ಲೇ ಕೊಟ್ಟೆ. ಎಣಿಕೆ ಕಡಿಮೆ, ಓಟ ಇನ್ನೂ ಕಡಿಮೆ. ವೃಷಣದ ಮೇಲಿನ ರಕ್ತನಾಳಗಳು ಉಬ್ಬಿ ಅಲ್ಲಿ ಶಾಖ ಹೆಚ್ಚಿದೆ, ಸಣ್ಣ ಆಪರೇಷನ್ ಮಾಡಬಹುದು ಎಂದರು. ಬೀಡಿ ಬಿಡಬೇಕು, ಕೋಸಿಗೆ ಔಷಧಿ ಹೊಡೆಯುವಾಗ ಮೂಗು ಕೈ ಮುಚ್ಚಿಕೊಳ್ಳಬೇಕು. ಮಗು ಆಗೇ ಆಗುತ್ತದೆ ಎಂದು ಮಾತ್ರ ಹೇಳಲಿಲ್ಲ.

ಅದೇ ವಾರ ನನ್ನ ಸೋದರತ್ತೆ ಬಂದರು. ಜಗಲಿಯಲ್ಲಿ ಅವ್ವನೂ ಪಕ್ಕದ ಮನೆಯವರೂ ಇದ್ದರು.

"ಏನ್ಲಾ, ಇನ್ನೂ ಎಷ್ಟು ವರ್ಸ ಕಾಯ್ತಿಯಾ? ತಿಗನಾರೆ ಊರ್ಲಿ ಒಂದು ಎಣ್ಣು ಅದ ಕಣ್ಲಾ. ಇವ್ಳೂ ಇರ್ಲಿ ಬುಡು, ಬ್ಯಾಡ ಅಂದೋರ್ಯಾರು?"

ಒಳಗೆ ಹೆಂಡತಿ ತಿರುಗಿಸುತ್ತಿದ್ದ ಮಿಕ್ಸಿ ನಿಂತಿತು. ನಾನು ಅತ್ತೆಯ ಎದುರಿಗೆ ಹೋಗಿ ನಿಂತೆ.

"ಅವ್ಳ್ದೇನೂ ಇಲ್ಲ ಅತ್ತೆ. ಕೊರ್ತೆ ನಂದು. ಪರೀಕ್ಸೆ ಮಾಡ್ಸಿವ್ನಿ."

"ಗಂಡ್ಸಾಗಿ ಇಂಗೆಲ್ಲ ಏಳ್ಕಬಾರ್ದು ಕಣ್ಲಾ!"

"ಮಾಡ್ದೆ ಇರೋ ತಪ್ಗ ಅವ್ಳು ಆರು ವರ್ಸ ಏಳುಸ್ಕಂಡವ್ಳಲ್ಲ ಅತ್ತೆ."

ದನಿ ಆಡಿನ ಮರಿಯಂತೆ ನಡುಗಿತ್ತು. ಆದರೂ ಜೀವಮಾನದಲ್ಲಿ ನಾನು ಆಡಿದ ಮಾತುಗಳಲ್ಲಿ ಹೆಮ್ಮೆಪಡುವುದು ಇದೊಂದಕ್ಕೇ. ಒಳಗೆ ಮಿಕ್ಸಿ ಮತ್ತೆ ಶುರುವಾಗಲು ಬಹಳ ಹೊತ್ತು ಹಿಡಿಯಿತು. ಮುಂದಿನ ತಿಂಗಳು ಎದುರು ಮನೆಯಲ್ಲಿ ತೊಟ್ಟಿಲು ಕಟ್ಟಿದಾಗ ಅವ್ವನೇ ಸೊಸೆಯ ಕೈಹಿಡಿದು ಮುಂದಕ್ಕೆ ಕರೆದೊಯ್ದಳು. ಯಾರೂ ತಟ್ಟೆ ಕೊಡಲಿಲ್ಲ. ಆಗಿನ್ನೂ ನನಗೆ ಆಪರೇಷನ್ ಕೂಡ ಆಗಿರಲಿಲ್ಲ.

ನಮ್ಮ ಮಗಳು ಈಗ ಎರಡನೇ ಕ್ಲಾಸು. ತಮ್ಮ ಹರಕೆಯಿಂದಲೇ ಆಯಿತೆನ್ನುತ್ತಾರೆ ಅತ್ತೆ, ಅನ್ನಲಿ. ಐಸಿನ ಕಥೆಯನ್ನು ಹೆಂಡತಿ ಊರಿಗೆಲ್ಲ ಹಂಚಿರುವುದರಿಂದ ನಾನು ಈ ವಿಷಯದಲ್ಲಿ ಪಂಡಿತನಾಗಿದ್ದೇನೆ. ಮೊನ್ನೆ ಒಬ್ಬ ಹೊಲದ ಬದುವಿಗೆ ಬಂದು, ಅತ್ತಿತ್ತ ನೋಡಿ, "ಅಣ್ಣಾ, ನನ್ನೆಂಡ್ರಿಗ ಮಕ್ಳಾಗ್ನಿಲ್ಲ. ಯಾವ ಡಾಕ್ಟ್ರಿಗ ತೋರುಸ್ಲಿ ಅವ್ಳ?" ಎಂದ.

"ಮೊದ್ಲು ನೀನು ತೋರುಸ್ಕ ಓಗ್ಲಾ. ಐಸು ಬ್ಯಾಡ."